ದಣಿಯದ ಜೋಡಿ

ಚಂಪಕ್ಕ ರೊಟ್ಟಿ ಬಡಿಯುತ್ತಿದ್ದವಳು ನಡುವೆಯೇ ಕೈ ನಿಲ್ಲಿಸಿ ಗೋಡೆಗೆ ಒರಗಿದಳು. ಹಂಚಿನ ಮೇಲಿದ್ದ ರೊಟ್ಟಿ ಒಂದು ಮಗ್ಗುಲು ಸೀದು ಹೊಗೆಯಾಡಿದರೂ ಏಳಲಿಲ್ಲ. ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ತಂಗಿ ನೀಲಾಂಬಿಕೆ ತಿರುಗಿ ಬಂದು ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು.

“ಯಾಕಕ್ಕಾ?”

“ಏನಿಲ್ಲ. ದಣಿವು.”

“ವಯಸ್ಸಾತು. ಕೆಲಸಕ್ಕ ಇಬ್ಬರನ್ನ ಇಟ್ಟೀವಿ, ಆದ್ರೂ ನೀನ ಬಡೀತಿ.”

“ಅವರು ಬಡದಿದ್ದು ರೊಟ್ಟಿ ಅಲ್ಲ, ರಟ್ಟು. ನೀ ಹೋಗು, ಬಸ್ಸು ತಪ್ಪತೈತಿ.”

ನೀಲಾಂಬಿಕೆ ಹೋದಳು. ಆ ಮನೆಯಲ್ಲಿ ದಣಿವು ಎಂಬುದು ಹೇಳಿಕೊಳ್ಳುವ ಸಂಗತಿಯಾಗಿರಲಿಲ್ಲ. ಚಂಪಕ್ಕ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಗೆ ಬಂದು, ಹಳೇ ಪೇಟೆಯ ಓಣಿಯಲ್ಲಿ ಖಾನಾವಳಿ ಹಾಕಿದ್ದಳು. ಅದರ ಆದಾಯದಲ್ಲೇ ತಂಗಿಯನ್ನು ಓದಿಸಿ ಡಾಕ್ಟರು ಮಾಡಿದಳು. ತಂಗಿ ರೋಗಶಾಸ್ತ್ರ ಓದಿ, ಬದುಕಿನ ಮುಕ್ಕಾಲು ಪಾಲು ಸೂಕ್ಷ್ಮದರ್ಶಕದ ಮುಂದೆ ಕಳೆದು, ಈಗ ನಿವೃತ್ತಿಯ ಅಂಚಿನಲ್ಲಿದ್ದಳು. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಇಬ್ಬರೂ ಸಂಜೆ ಊಟ ಮಾಡುತ್ತಾ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಲು ಬೇಕಾದ ತ್ರಾಣ ಹಗಲಿನಲ್ಲೇ ಮುಗಿದುಹೋಗಿರುತ್ತಿತ್ತು.

ಆ ಚಳಿಗಾಲದಲ್ಲಿ ಚಂಪಕ್ಕನ ಬೆನ್ನೆಲುಬಿಗೆ ಕ್ಷಯ ತಗುಲಿದ್ದು ಗೊತ್ತಾಗಿತ್ತು. ಹೆದರುವಂಥದ್ದೇನೂ ಇರಲಿಲ್ಲ. ಮದ್ದಿತ್ತು, ಮದ್ದಿನ ಮೇಲೆ ಕಾವಲಿಗೆ ಜೋಡಿಯೂ ಇತ್ತು.

ಜೋಡಿಗೆ ಸರಕಾರಿ ಹೆಸರು ಬೇರೆ ಇತ್ತು, ಉದ್ದವಾದದ್ದು. ಜನ ಜೋಡಿ ಅಂದರು, ಅದೇ ಉಳಿಯಿತು. ಕ್ಷಯ, ಮೂರ್ಛೆರೋಗ, ಸಂಧಿವಾತ ಹೀಗೆ ತಿಂಗಳುಗಟ್ಟಲೆ ಮದ್ದು ಬೇಕಾದವರ ರಕ್ತ ಒಂದಿಷ್ಟು ತೆಗೆದು, ಅದರ ಕೋಶಗಳನ್ನು ಹುಟ್ಟಿನ ಸ್ಥಿತಿಗೆ ಹಿಂದಿರುಗಿಸಿ, ಮತ್ತೆ ಯಕೃತ್ತಿನ ಕೋಶಗಳಾಗುವಂತೆ ಬೆಳೆಸುತ್ತಿದ್ದರು. ಹೆಬ್ಬೆರಳಿನ ಉಗುರಿನಷ್ಟು ಗಾಜಿನ ತುಣುಕಿನ ಮೇಲೆ ಆ ಮನುಷ್ಯನ ಯಕೃತ್ತಿನದೇ ಒಂದು ಚೂರು ಬದುಕುತ್ತಿತ್ತು. ಮನುಷ್ಯನ ತೋಳಿನ ಚರ್ಮದ ಕೆಳಗೆ ಮದ್ದಿನ ಕಡ್ಡಿ ಇಡುತ್ತಿದ್ದರು. ಕಡ್ಡಿ ಅಂದಂದಿನ ಮದ್ದನ್ನು ತಾನೇ ಮೈಗೆ ಬಿಡುತ್ತಿತ್ತು. ಅದಕ್ಕೂ ಮುಂಚೆ ಅದೇ ಮದ್ದು ಜೋಡಿಗೆ ಹೋಗುತ್ತಿತ್ತು. ಮದ್ದು ತಾಳದೆ ಜೋಡಿಯ ಕೋಶಗಳು ಸತ್ತರೆ ಅವುಗಳ ಒಳಗಿನ ಕಿಣ್ವಗಳು ಸೋರುತ್ತಿದ್ದವು, ಯಂತ್ರ ಅದನ್ನು ಅಳೆದು ಕಡ್ಡಿಗೆ ಸಂದೇಶ ಕೊಡುತ್ತಿತ್ತು, ಕಡ್ಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮನುಷ್ಯನ ಬದಲು ಗಾಜಿನ ಚೂರು ಸಾಯುತ್ತಿತ್ತು.

ಮೊದಲೆಲ್ಲ ಕ್ಷಯದ ಮದ್ದು ತಿಂದವರಲ್ಲಿ ಕೆಲವರಿಗೆ ಕಾಮಾಲೆಯಾಗಿ, ಅವರಲ್ಲಿ ಕೆಲವರು ಸಾಯುತ್ತಿದ್ದರು. ಜೋಡಿ ಬಂದ ಮೇಲೆ ಅದು ಬಹಳ ಕಡಿಮೆಯಾಯಿತು. ಆಸ್ಪತ್ರೆಗಳಲ್ಲಿ ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡುವುದು ನಿಂತಿತು. ರೋಗಿಗಳು ಆಸ್ಪತ್ರೆಗೆ ಬರುವುದೂ ನಿಂತಿತು. ವಾರಕ್ಕೊಮ್ಮೆ ಯಂತ್ರವೇ ಫೋನು ಮಾಡಿ, ಹೇಗಿದ್ದೀರಿ ಎಂದು ಕೇಳುತ್ತಿತ್ತು.

ಹುಬ್ಬಳ್ಳಿಯ ಹೊರಗೆ ಇದ್ದ ಜೋಡಿ ಕೇಂದ್ರದಲ್ಲಿ ನೀಲಾಂಬಿಕೆ ಹಿರಿಯ ತಜ್ಞೆ. ಉದ್ದನೆಯ ಕೋಣೆ, ಮೈಬಿಸಿಯಷ್ಟೇ ಬಿಸಿ ಇರುವ ಸಾಲು ಸಾಲು ಕಪಾಟುಗಳು, ಅವುಗಳೊಳಗೆ ಏಳು ಜಿಲ್ಲೆಗಳ ಜನರ ಯಕೃತ್ತಿನ ಚೂರುಗಳು. ಪಂಪುಗಳ ಸಣ್ಣ ಸದ್ದು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ. ಕ್ಯಾಮೆರಾ ನೋಡುತ್ತಿತ್ತು, ಯಂತ್ರ ತೀರ್ಮಾನ ಮಾಡುತ್ತಿತ್ತು, ನೀಲಾಂಬಿಕೆ ಸಹಿ ಹಾಕುತ್ತಿದ್ದಳು. ಅಂದು ಅವಳು ಸಹಿ ಹಾಕುವುದಕ್ಕೆ ಮುಂಚೆ ಅಕ್ಕನ ಜೋಡಿಯನ್ನು ಪರದೆಯ ಮೇಲೆ ತರಿಸಿ ನೋಡಿದಳು. ಕೋಶಗಳು ಜೇನುಗೂಡಿನ ಹಾಗೆ ಒತ್ತೊತ್ತಾಗಿ, ತುಂಬಿಕೊಂಡು, ಆರೋಗ್ಯವಾಗಿದ್ದವು. ಅವಳಿಗೆ ಸಮಾಧಾನವಾಯಿತು. ವಯಸ್ಸು, ಅಷ್ಟೇ, ಅಂದುಕೊಂಡಳು.

ಮುಂದಿನ ವಾರಗಳಲ್ಲಿ ಚಂಪಕ್ಕ ಪಲ್ಯದ ರುಚಿ ನೋಡುವುದನ್ನು ಬಿಟ್ಟಳು. ಒಗ್ಗರಣೆಯ ವಾಸನೆಗೆ ಸೆರಗು ಮೂಗಿಗೆ ಹಿಡಿದಳು. ಅಂಗೈ, ಅಂಗಾಲು ತುರಿಸುತ್ತವೆ ಎಂದು ಕೊಬ್ಬರಿಎಣ್ಣೆ ಹಚ್ಚಿಕೊಂಡಳು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದ್ದನ್ನು ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಯಂತ್ರದ ಫೋನು ಬಂದಾಗ ಮಾತ್ರ, “ಭಾಳ ದಣಿವಾಗತೈತ್ರಿ” ಅಂದಳು. ನಿಮ್ಮ ಜೋಡಿ ಆರೋಗ್ಯವಾಗಿದೆ, ವಿಶ್ರಾಂತಿ ತೆಗೆದುಕೊಳ್ಳಿ, ಎಂದು ಅದು ಮೃದುವಾಗಿ ಹೇಳಿ ಫೋನು ಇಟ್ಟಿತು.

ಕೊನೆಗೆ ಅದನ್ನು ಕಂಡವರು ದಿನಾ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ ನಿವೃತ್ತ ರೈಲ್ವೆ ಗಾರ್ಡು ಒಬ್ಬರು. ತಾಟಿನಿಂದ ತಲೆಯೆತ್ತಿ, “ಚಂಪಕ್ಕಾರ, ಬೆಳಕಿಗೆ ಬರ್ರಿ ಸ್ವಲ್ಪ. ನಿಮ್ಮ ಕಣ್ಣು ಹಳದಿ ಆಗ್ಯಾವಲ್ರಿ” ಅಂದರು. ಅದೇ ಮನೆಯಲ್ಲಿ, ಅದೇ ಅಕ್ಕನ ಎದುರು ದಿನಾ ಕೂತು ಉಣ್ಣುತ್ತಿದ್ದ ನೀಲಾಂಬಿಕೆಗೆ ಫೋನಿನಲ್ಲಿ ಈ ಸುದ್ದಿ ಸಿಕ್ಕಿತು.

ಆಸ್ಪತ್ರೆಯಲ್ಲಿ ಚಂಪಕ್ಕನನ್ನು ನೋಡಿದವರು ಡಾಕ್ಟರ್ ಇರ್ಫಾನ್ ನದಾಫ. ನೀಲಾಂಬಿಕೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅವರು ಕೊನೆಯ ಬೆಂಚಿನ ವಿದ್ಯಾರ್ಥಿ. ಈಗ ಗಡ್ಡ ನರೆತಿತ್ತು. ರಕ್ತದ ವರದಿ ನೋಡಿ ಅವರು ಗುರುವಿನ ಎದುರಿಗೆ ಬಾಯಿಬಿಟ್ಟು ಓದಲಿಲ್ಲ, ಕಾಗದವನ್ನು ಅವಳ ಕೈಗೇ ಕೊಟ್ಟರು. ಯಕೃತ್ತಿನ ಕಿಣ್ವ ಇರಬೇಕಾದ್ದಕ್ಕಿಂತ ಮೂವತ್ತು ಪಟ್ಟಿಗೂ ಮೇಲಿತ್ತು. ಪಿತ್ತದ ಬಣ್ಣವೂ ಏರಿತ್ತು.

“ಎರಡೂ ಕೂಡೇರ್ಯಾವ” ಅಂದಳು ನೀಲಾಂಬಿಕೆ.

ಇರ್ಫಾನ್ ತಲೆಯಾಡಿಸಿದರು. ಮದ್ದಿನಿಂದ ಯಕೃತ್ತಿನ ಕೋಶ ಸಾಯುವುದು ಒಂದು, ಅದರ ಜೊತೆಗೆ ಕಾಮಾಲೆಯೂ ಕಾಣಿಸುವುದು ಇನ್ನೊಂದು. ಎರಡೂ ಕೂಡಿದರೆ ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ ಎಂಬ ಹಳೆಯ ಲೆಕ್ಕ ಇಬ್ಬರಿಗೂ ಗೊತ್ತಿತ್ತು. ಅದನ್ನು ಅವರಿಗೆ ಕಲಿಸಿದವಳೇ ನೀಲಾಂಬಿಕೆ.

“ಕಾಮಾಲೆ ವೈರಸ್ಸು ಎಲ್ಲಾ ನೋಡೀನ್ರಿ ಮೇಡಮ್, ಒಂದೂ ಇಲ್ಲ. ಸ್ಕ್ಯಾನಿನ್ಯಾಗ ಕಲ್ಲಿಲ್ಲ, ಪಿತ್ತದ ನಾಳ ಕಟ್ಟಿಲ್ಲ. ಉಳಿದಿದ್ದು ಮದ್ದು. ಕಡ್ಡಿ ಬಂದ್ ಮಾಡ್ಬೇಕು. ಆದ್ರ ಅದು ಜೋಡಿ ಮಾತು ಬಿಟ್ಟು ಇನ್ಯಾರ ಮಾತೂ ಕೇಳೂದಿಲ್ಲ.”

ನೀಲಾಂಬಿಕೆ ಕೇಂದ್ರದ ನಿರ್ದೇಶಕರಾದ ಪ್ರಹ್ಲಾದ ಕಟಗೇರಿಯವರಿಗೆ ಫೋನು ಮಾಡಿದಳು. ಅವರು ಅಕ್ಕನ ಜೋಡಿಯನ್ನು ತರಿಸಿ ನೋಡಿ, ಸ್ವಲ್ಪ ಹೊತ್ತಿನ ಮೇಲೆ ಮಾತಾಡಿದರು.

“ಜೋಡಿ ಛಲೋ ಐತ್ರಿ ಮೇಡಮ್. ಕಿಣ್ವ ಒಂದು ಹನಿನೂ ಸೋರಿಲ್ಲ. ಮನ್ಯಾಗ ಬ್ಯಾರೆ ಏನರ ತೊಗೊಂಡಾರೇನು ಕೇಳ್ರಿ. ಕಷಾಯ, ಚೂರ್ಣ. ಭಾಳ ಸಲ ಅದ ಇರತೈತಿ.”

ನೀಲಾಂಬಿಕೆ ವಾರ್ಡಿಗೆ ಹೋಗಿ ಕೇಳಿದಳು. ಚಂಪಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಅಮೃತಬಳ್ಳಿ ಕುದಿಸಿ ಕುಡದೇನಿ. ಮುಂಜಾನಿಗೊಮ್ಮಿ. ದಣಿವಿಗೆ ಛಲೋ ಅಂದ್ರು.”

“ಯಾವಾಗಿಂದ?”

“ದಣಿವು ಸುರು ಆದಮ್ಯಾಲ.”

ಅದನ್ನೇ ತಿಳಿಸಿದಾಗ ಕಟಗೇರಿಯವರು, “ಆತಲ್ರಿ, ಸಿಕ್ತಲ್ಲ” ಅಂದರು. ಅವರು ಕೆಟ್ಟವರಲ್ಲ. ಜೋಡಿ ಎಷ್ಟೋ ಜನರನ್ನು ಉಳಿಸಿದ್ದನ್ನು ಕಣ್ಣಾರೆ ಕಂಡವರು. ಅಮೃತಬಳ್ಳಿಯಿಂದಲೂ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ನೀಲಾಂಬಿಕೆಯೂ ನೋಡಿದ್ದಳು, ಆ ಮಾತನ್ನು ಸುಳ್ಳು ಅನ್ನುವಂತಿರಲಿಲ್ಲ. ಆದರೆ ದಣಿವು ಮೊದಲು, ಕಷಾಯ ಆಮೇಲೆ. ಅಕ್ಕ ಹೇಳಿದ ಆ ಒಂದು ಮಾತನ್ನು ಅವಳು ಬಿಟ್ಟುಕೊಡಲಿಲ್ಲ.

ಹೊರಗೆ ಬಂದಾಗ ಇರ್ಫಾನ್ ಕಾಯುತ್ತಿದ್ದರು. “ಹ್ವಾದ ವರ್ಷ ಇದ ವಾರ್ಡಿನ್ಯಾಗ ಒಬ್ಬರಿದ್ರು, ಮೇಡಮ್. ನವಲಗುಂದದವರು, ದುರಗಪ್ಪ ಭಜಂತ್ರಿ. ಮದಿವಿ ಬ್ಯಾಂಡಿನ್ಯಾಗ ಕ್ಲಾರಿಯೋನೆಟ್ ನುಡಸ್ತಿದ್ರು. ಕ್ಷಯಕ್ಕ ಕಡ್ಡಿ ಹಾಕಿತ್ತು. ಹಿಂಗ ಹಳದಿ ಆಗಿ ಬಂದ್ರು. ಜೋಡಿ ಛಲೋ ಐತಿ, ಇದು ಕುಡಿತದ ಲಿವರ್ ಅಂತ ಬರದು ಬಂತು. ಹೆಂಡತಿ ದಿನಾ ಬಂದು, ಅವ್ರು ಕುಡೀತಿರಲಿಲ್ರಿ ಸಾಹೇಬ್ರ ಅಂತಿದ್ಲು. ಬ್ಯಾಂಡಿನವರು, ಕುಡೀದ ಇರ್ತಾರೇನು ಅಂತ ನಾವೂ ಅಂದ್ವಿ.”

“ಏನಾತು?”

“ತೀರಿಕೊಂಡ್ರು.” ಇರ್ಫಾನ್ ಕನ್ನಡಕ ತೆಗೆದು ಒರೆಸಿದರು. “ಕಿಣ್ವ ಸಾವಿರದ ಮ್ಯಾಲಿತ್ರಿ. ಕುಡಿತಕ್ಕ ಅಷ್ಟು ಏರೂದಿಲ್ಲ, ನೀವ ಹೇಳಿಕೊಟ್ಟಿದ್ರಿ. ನನಗ ಆವಾಗ ಹೊಳೀಲಿಲ್ಲ. ಹೊಳದ್ರೂ ಜೋಡಿ ಮಾತಿನ ಮ್ಯಾಲ ನಾ ಏನನ್ನಲಿ ಅಂತ ಸುಮ್ಮನಾದ್ನೋ ಏನೋ.”

ನೀಲಾಂಬಿಕೆ, “ಕಡ್ಡಿ ಕೊಯ್ದು ತೆಗಿ ಇರ್ಫಾನ್. ಕಷಾಯನೂ ಬಂದ್. ಎರಡೂ ಬಂದ್. ಮತ್ತ ಯಕೃತ್ತಿನ ಒಂದು ತುಣುಕು ತೆಗದು ಕೊಡು, ನಾ ನೋಡ್ತೇನಿ” ಅಂದಳು.

ಕಡ್ಡಿಯನ್ನು ತೆಗೆದರೆ ಬೆನ್ನಿನ ಕ್ಷಯ ಹಾಗೇ ಉಳಿಯುತ್ತದೆ ಎಂದು ಚಂಪಕ್ಕನಿಗೆ ತಿಳಿಸಿ ಹೇಳಿದರು. ಅವಳು ಕೇಳಿಸಿಕೊಂಡು, “ಬೆನ್ನು ನೋಯತಿದ್ದಾಗ ನಾ ರೊಟ್ಟಿ ಬಡೀತಿದ್ದೆ. ಈಗ ಕೈ ಎತ್ತಾಕ ಆಗವಲ್ದು. ತೆಗೀರಿ” ಅಂದಳು.

ಯಕೃತ್ತಿಗೆ ಸೂಜಿ ಹಾಕಿ ತುಣುಕು ತೆಗೆಯುವುದನ್ನು ಆ ಆಸ್ಪತ್ರೆ ಮರೆತೇಬಿಟ್ಟಿತ್ತು. ಸೂಜಿ ಹುಡುಕಿ ತರಿಸಬೇಕಾಯಿತು. ಚಂಪಕ್ಕನ ರಕ್ತ ಹೆಪ್ಪುಗಟ್ಟುವ ಶಕ್ತಿ ಇನ್ನೂ ಉಳಿದಿದ್ದರಿಂದ ಇರ್ಫಾನ್ ಧೈರ್ಯ ಮಾಡಿದರು. ಕಂದು ದಾರದ ಎಳೆಯಂಥ ಆ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮರುದಿನ ಮಧ್ಯಾಹ್ನ ನೀಲಾಂಬಿಕೆ ಕೇಂದ್ರದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸೂಕ್ಷ್ಮದರ್ಶಕದ ಮುಂದೆ ಕೂತಳು.

ಒಳ್ಳೆಯ ಯಕೃತ್ತನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಚ್ಚುಕಟ್ಟಾಗಿ ಸಾಲು ಹಿಡಿದು ನೆಟ್ಟ ಹೊಲದ ಹಾಗಿರುತ್ತದೆ. ರಕ್ತ ಒಳಬರುವ ದಾರಿ ಒಂದು ಕಡೆ, ಹೊರಹೋಗುವ ರಕ್ತನಾಳ ನಡುವೆ, ಇವೆರಡರ ನಡುವೆ ಸಾಲುಸಾಲಾಗಿ ಕೋಶಗಳು. ಇಲ್ಲಿ ನಡುವಿನ ನಾಳದ ಸುತ್ತ ಸಾಲುಗಳೇ ಇರಲಿಲ್ಲ. ಕೋಶಗಳು ಸತ್ತು, ಅವು ನಿಂತಿದ್ದ ಜಾಗ ಕುಸಿದಿತ್ತು. ಉಳಿದ ಕೆಲವು ಕೋಶಗಳು ಊದಿಕೊಂಡಿದ್ದವು, ಕೆಲವು ಮುದುಡಿ ಕಡುಗೆಂಪು ಗುಂಡುಗಳಾಗಿದ್ದವು. ಕೋಶಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ಪಿತ್ತ ಹರಿಯಲಾರದೆ ಹಸಿರುಗಂದು ಬಣ್ಣದಲ್ಲಿ ಗಟ್ಟಿಯಾಗಿತ್ತು. ಮೈ ತುರಿಸಿದ್ದು, ಕಣ್ಣು ಹಳದಿಯಾದದ್ದು ಇದರಿಂದ.

ಆದರೆ ಅವಳ ಕಣ್ಣು ಬಹಳ ಹೊತ್ತು ನಿಂತದ್ದು ಬೇರೆ ಕಡೆ. ರಕ್ತ ಒಳಬರುವ ದಾರಿಗಳ ಸುತ್ತ ಬಿಳಿ ರಕ್ತಕಣಗಳು ಜಾತ್ರೆಗೆ ನೆರೆದ ಹಾಗೆ ನೆರೆದಿದ್ದವು. ಅವುಗಳ ನಡುವೆ ಕೆಂಪು ಹರಳಿನಂಥ ಚುಕ್ಕೆಗಳಿದ್ದ ಕಣಗಳೂ ಇದ್ದವು, ಮೈಗೆ ಒಗ್ಗದ್ದೇನೋ ಒಳಬಂದಾಗ ಏಳುವಂಥವು. ಅವು ಅಂಚು ದಾಟಿ ಒಳನುಗ್ಗಿ ಒಂದೊಂದೇ ಕೋಶವನ್ನು ಸುತ್ತುವರಿದಿದ್ದವು.

ಮದ್ದು ನೇರವಾಗಿ ಕೊಂದಿರಲಿಲ್ಲ. ಮದ್ದಿನ ಚೂರು ಕೋಶಕ್ಕೆ ಅಂಟಿಕೊಂಡಿತ್ತು, ಮೈಯ ಕಾವಲು ಪಡೆ ಆ ಕೋಶವನ್ನೇ ಪರಕೀಯ ಎಂದು ತಿಳಿದು ಮೇಲೆ ಬಿದ್ದಿತ್ತು. ಜೋಡಿಯಲ್ಲಿ ಯಕೃತ್ತಿನ ಕೋಶಗಳು ಮಾತ್ರ ಇದ್ದವು. ಅಲ್ಲಿ ಕಾವಲು ಪಡೆಯೇ ಇಲ್ಲ, ಹಾಗಾಗಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ.

ಇದು ಹೊಸ ವಿಷಯವೂ ಆಗಿರಲಿಲ್ಲ. ಜೋಡಿ ಕಟ್ಟಿದವರೇ ಮೊದಮೊದಲು ಇದನ್ನು ಹೇಳಿದ್ದರು. ವಿಷವಾಗುವ ಮದ್ದನ್ನು ಇದು ಹಿಡಿಯುತ್ತದೆ, ಮೈ ತಪ್ಪಾಗಿ ತಿಳಿದುಕೊಳ್ಳುವ ಮದ್ದನ್ನು ಹಿಡಿಯುವುದಿಲ್ಲ ಎಂದಿದ್ದರು. ಅದು ಅಪರೂಪ ಎಂದೂ ಸೇರಿಸಿದ್ದರು. ಆ ಸಭೆಯಲ್ಲಿ ನೀಲಾಂಬಿಕೆಯೂ ಕೂತಿದ್ದಳು. ವರ್ಷಗಳು ಉರುಳಿದಂತೆ ಆ ಮಾತನ್ನು ಎತ್ತುವವರು ಇಲ್ಲವಾದರು.

ಕಡ್ಡಿ ತೆಗೆದ ಮೇಲೆ ಚಂಪಕ್ಕನ ಕಿಣ್ವ ಇಳಿಯತೊಡಗಿತು. ಹಳದಿ ಮಾತ್ರ ಏರುತ್ತಲೇ ಹೋಯಿತು. ಹೀಗಾಗುವುದುಂಟು ಎಂದು ಗೊತ್ತಿದ್ದರೂ ನೀಲಾಂಬಿಕೆ ಆ ದಿನಗಳಲ್ಲಿ ಅಕ್ಕನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ವಿದ್ಯೆಯೆಲ್ಲ ಮರೆತವಳಂತೆ ಅವಳ ಕಣ್ಣುಗಳನ್ನೇ ನೋಡುತ್ತಿದ್ದಳು. ಒಂದು ಮುಂಜಾನೆ ಚಂಪಕ್ಕ ಅವಳನ್ನು ಅವ್ವ ಎಂದು ಕರೆದಳು.

“ಯವ್ವಾ, ನೀಲಿ ಸಾಲಿಯಿಂದ ಬಂದ್ಲೇನು? ಆಕಿಗೆ ಒಂದು ರೊಟ್ಟಿ ತಗದಿಡು.”

ಇರ್ಫಾನ್ ಬಂದು, ಎರಡೂ ಕೈ ಮುಂದಕ್ಕೆ ಚಾಚಿ ಅಂಗೈ ಎತ್ತಿ ಹಿಡಿಯಲು ಹೇಳಿದರು. ಅಂಗೈಗಳು ಹಿಡಿದಲ್ಲಿ ನಿಲ್ಲದೆ ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಂಡವು. ಯಕೃತ್ತು ತೆಗೆದುಹಾಕಬೇಕಾದ ಕಲ್ಮಷ ಮಿದುಳಿಗೆ ಏರುತ್ತಿತ್ತು. ಅದನ್ನು ಇಳಿಸಲು ಔಷಧಿ ಕೊಟ್ಟರು. ಯಕೃತ್ತು ಬದಲಿಸುವ ಮಾತೂ ಬಂತು, ಆದರೆ ಬೆನ್ನಿನಲ್ಲಿ ಕ್ಷಯ ಇಟ್ಟುಕೊಂಡವಳಿಗೆ ಅದು ಆಗುವ ಮಾತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನೀಲಾಂಬಿಕೆಗೆ ಕೂತು ಕಾಯುವುದು ಸಾಧ್ಯವಾಗಲಿಲ್ಲ. ಅಕ್ಕ ಉಳಿದರೂ ಕ್ಷಯಕ್ಕೆ ಮತ್ತೆ ಮದ್ದು ಸುರುಮಾಡಲೇಬೇಕು. ಕಡ್ಡಿಯಲ್ಲಿದ್ದದ್ದು ನಾಲ್ಕು ಮದ್ದು. ಕೊಂದದ್ದು ಯಾವುದು ಎಂದು ತಿಳಿಯದೆ ಕೊಟ್ಟರೆ ಎರಡನೇ ಸಲ ಯಕೃತ್ತು ತಾಳುವುದಿಲ್ಲ. ಅವಳು ಅಕ್ಕನ ರಕ್ತ ತೆಗೆದುಕೊಂಡು ಕೇಂದ್ರಕ್ಕೆ ಹೋದಳು. ಅದರಿಂದ ಬಿಳಿ ಕಣಗಳನ್ನು ಬೇರ್ಪಡಿಸಿದಳು. ಚಂಪಕ್ಕನ ಜೋಡಿಯಿಂದ ಐದು ಗಾಜುಗಳ ಮೇಲೆ ಹೊಸ ಚೂರುಗಳನ್ನು ಬೆಳೆಸಿ, ಎಲ್ಲಕ್ಕೂ ಆ ಬಿಳಿ ಕಣಗಳನ್ನು ಬಿಟ್ಟಳು. ನಾಲ್ಕಕ್ಕೆ ಒಂದೊಂದು ಮದ್ದು. ಐದನೆಯದಕ್ಕೆ ಅಮೃತಬಳ್ಳಿಯ ಕಷಾಯ, ಮನೆಯ ಅದೇ ಪಾತ್ರೆಯಲ್ಲಿ ಕುದಿಸಿ ಸೋಸಿದ್ದು.

ಕೆಲವು ದಿನ ಏನೂ ಆಗಲಿಲ್ಲ. ಬಿಳಿ ಕಣಗಳು ಗಾಜಿನ ಮೇಲೆ ಸುಮ್ಮನೆ ತೇಲಾಡಿದವು. ಅವಳು ಆಸ್ಪತ್ರೆಯಿಂದ ಕೇಂದ್ರಕ್ಕೂ ಕೇಂದ್ರದಿಂದ ಆಸ್ಪತ್ರೆಗೂ ಬಸ್ಸಿನಲ್ಲಿ ಓಡಾಡುತ್ತ, ಸೀಟಿನಲ್ಲೇ ತೂಕಡಿಸಿ ನಿಲ್ದಾಣ ದಾಟಿಹೋಗುತ್ತಿದ್ದಳು. ಖಾನಾವಳಿಗೆ ಬೀಗ ಬಿದ್ದಿತ್ತು. ಊಟದ ಗಿರಾಕಿಗಳು ಸರದಿಯ ಮೇಲೆ ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು.

ಆಮೇಲೆ ಮೂರನೆಯ ಗಾಜಿನಲ್ಲಿ ಬಿಳಿ ಕಣಗಳು ತೇಲುವುದನ್ನು ಬಿಟ್ಟು ಅಂಟಿಕೊಂಡವು. ಒಂದೊಂದು ಕೋಶದ ಸುತ್ತ ನಾಲ್ಕೈದು. ಮರುದಿನ ನೋಡಿದಾಗ ಆ ಗಾಜಿನ ಮೇಲೆ ಒಂದೂ ಕೋಶ ಬದುಕಿರಲಿಲ್ಲ. ಉಳಿದ ಮೂರು ಮದ್ದಿನ ಗಾಜುಗಳು ಚೆನ್ನಾಗಿದ್ದವು. ಕಷಾಯದ ಗಾಜೂ ಚೆನ್ನಾಗಿತ್ತು.

ಕಟಗೇರಿಯವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು. ಎದ್ದವರು ಕುರ್ಚಿ ಹುಡುಕಿ ಕೂತರು.

“ಇದು ಒಬ್ಬರದು, ಮೇಡಮ್.”

“ಇಬ್ಬರದು. ದುರಗಪ್ಪ ಭಜಂತ್ರಿ ಅಂತ ನವಲಗುಂದದವರಿದ್ರು.”

“ಎಲ್ಲಾ ಜೋಡಿಗೂ ಬಿಳಿ ಕಣ ಹಾಕಬೇಕಂದ್ರ ಎಲ್ಲರದೂ ಹೊಸ ರಕ್ತ ಬೇಕು. ಮತ್ತ ಮತ್ತ ಬೇಕು. ಅವರು ಬರಬೇಕು, ತೆಗ್ಯಾವರು ಇರಬೇಕು. ಜನ ಬರೂದು ಬ್ಯಾಡ ಅಂತನ ಇದೆಲ್ಲಾ ಕಟ್ಟಿದ್ದು.”

“ಎಲ್ಲರದೂ ಬ್ಯಾಡ್ರಿ. ಮೊದಲ ಎರಡು ಮೂರು ತಿಂಗಳಿನ್ಯಾಗ ದಣಿವು ಅಂದವರದು, ಊಟ ಸೇರವಲ್ದು ಅಂದವರದು. ಅವರನ್ನ ಕರೀರಿ. ಯಂತ್ರ ಕೇಳಿ ಬಿಟ್ಟುಬಿಡತೈತಿ. ಅದನ್ನ ಒಬ್ಬ ಮನುಷ್ಯ ಕೇಳಲಿ.”

“ದಣಿವು ಯಾರಿಗಿಲ್ರಿ?” ಅಂದರು ಕಟಗೇರಿ. ಅದು ವಾದವಾಗಿರಲಿಲ್ಲ. ಅವರ ಕಣ್ಣ ಕೆಳಗೂ ಕಪ್ಪಾಗಿತ್ತು. ಎದ್ದು ಇನ್ನೊಮ್ಮೆ ಆ ಗಾಜನ್ನು ನೋಡಿ ಬಂದು ಅವರು, “ಕರಿಯೂಣ್ರಿ. ಮೊದಲ ಧಾರವಾಡ ಜಿಲ್ಲಾ ಒಂದು ನೋಡೂಣ” ಅಂದರು.

ಚಂಪಕ್ಕ ಉಳಿದಳು. ಒಂದು ದಿನ ಎದ್ದು ಕೂತು, ಆಸ್ಪತ್ರೆಯ ಅನ್ನಕ್ಕೆ ಉಪ್ಪಿಲ್ಲ ಎಂದಳು. ಅಂದು ನೀಲಾಂಬಿಕೆ ಕಕ್ಕಸಿನ ಬಾಗಿಲು ಹಾಕಿಕೊಂಡು ಅತ್ತು ಬಂದಳು. ಮೂರನೆಯದನ್ನು ಬಿಟ್ಟು ಉಳಿದ ಮದ್ದುಗಳನ್ನು ಒಂದಾದ ಮೇಲೆ ಒಂದರಂತೆ, ನಡುನಡುವೆ ರಕ್ತ ನೋಡುತ್ತ ಮತ್ತೆ ಸುರುಮಾಡಿದರು. ಯಕೃತ್ತು ತಾಳಿಕೊಂಡಿತು. ಚಿಕಿತ್ಸೆ ಇನ್ನೂ ಉದ್ದವಾಯಿತು, ಅಷ್ಟೇ. ಖಾನಾವಳಿಯ ಬೀಗ ತೆಗೆದ ಮೇಲೆ ಚಂಪಕ್ಕ ಹಂಚಿನ ಮುಂದೆ ಕೂಡುವ ಬದಲು ಕುರ್ಚಿಯಲ್ಲಿ ಕೂತು ಕೆಲಸದವರಿಗೆ ಹೇಳಿಕೊಡತೊಡಗಿದಳು. ಬೈಯುವುದಕ್ಕೂ ಮೊದಲಿನ ತ್ರಾಣವಿರಲಿಲ್ಲ. ಅವರು ಬಡಿದದ್ದನ್ನೇ ರೊಟ್ಟಿ ಎಂದು ಒಪ್ಪಿಕೊಂಡಳು.

ದುರಗಪ್ಪನ ವಿಷಯವೊಂದು ಉಳಿದಿತ್ತು. ನೀಲಾಂಬಿಕೆ ಕೇಂದ್ರದಲ್ಲಿ ಅವನ ಜೋಡಿಗೆ ಏನಾಯಿತೆಂದು ವಿಚಾರಿಸಿದಳು. ಅದು ಕಪಾಟಿನಲ್ಲೇ ಇತ್ತು. ಆಸ್ಪತ್ರೆಯಿಂದ ಸಾವಿನ ಸುದ್ದಿ ಬಂದರೂ, ಜೋಡಿಯನ್ನು ತೆಗೆಯಿರಿ ಎಂಬ ಆದೇಶ ಯಾರಿಂದಲೂ ಬಂದಿರಲಿಲ್ಲ. ಯಜಮಾನ ಸತ್ತು ಒಂದು ವರ್ಷವಾಗುತ್ತ ಬಂದಿದ್ದರೂ ಅದು ದಿನಾ ತನ್ನ ಪಾಲಿನ ಮದ್ದು ತೆಗೆದುಕೊಳ್ಳುತ್ತ, ಒಂದು ಕೋಶವನ್ನೂ ಕಳೆದುಕೊಳ್ಳದೆ ಬದುಕಿತ್ತು.

ಒಂದು ರವಿವಾರ ಅವಳು ನವಲಗುಂದಕ್ಕೆ ಹೋದಳು. ದುರಗಪ್ಪನ ಹೆಂಡತಿ ರೇಣವ್ವ ಶಾಲೆಯೊಂದರಲ್ಲಿ ಕಸ ಹೊಡೆಯುವ ಕೆಲಸಕ್ಕಿದ್ದಳು, ಬುಟ್ಟಿಯನ್ನೂ ಹೆಣೆಯುತ್ತಿದ್ದಳು. ಪಡಸಾಲೆಯಲ್ಲಿ ಚಾಪೆ ಹಾಸಿ, ನೀರು ಕೊಟ್ಟು, ಎದುರು ಕೂತಳು. ನೀಲಾಂಬಿಕೆ ಮಾತನ್ನು ಸುತ್ತಿ ಬಳಸಲಿಲ್ಲ.

“ನಿಮ್ಮ ಯಜಮಾನರು ಕುಡಿತದಿಂದ ಹ್ವಾದ್ರು ಅಂತ ನಮ್ಮ ಕೇಂದ್ರದವರು ಬರದಿದ್ರು. ಅದು ತಪ್ಪು. ಅವ್ರಿಗೆ ಒಗ್ಗಲಾರದ್ದು ಆ ಕ್ಷಯದ ಮದ್ದು ಅಂತ ನಾ ತಿಳಕೊಂಡೇನಿ. ಅದನ್ನ ಪರೀಕ್ಷೆ ಮಾಡಿ ತೋರಸಾಕ ಈಗ ಅವ್ರ ರಕ್ತ ಇಲ್ಲ. ಆದ್ರ ಕುಡಿತ ಅಲ್ಲ. ಅದನ್ನ ನಾ ಖಾತ್ರಿ ಹೇಳ್ತೇನಿ.”

ರೇಣವ್ವ ಕೈಯಲ್ಲಿದ್ದ ಬಿದಿರು ಸೀಳನ್ನು ಬಗ್ಗಿಸುತ್ತ, ಬಿಡುತ್ತ ಕೂತಿದ್ದಳು.

“ನಾ ಹೇಳಿದ್ನಲ್ರಿ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ದಿನಾ ಹೇಳಿದ್ದೆ. ಮಣ್ಣಿಗೆ ಬಂದ ಮಂದಿನೂ ಅಂದ್ರು, ಕುಡದು ಸತ್ತ ಅಂತ. ನನ್ನ ಮಗಳ ಗಂಡನ ಮನ್ಯಾಗೂ ಅಂದ್ರು.”

“ಇದನ್ನ ಬರದು ಕೊಡ್ತೇನ್ರಿ. ನಿಮ್ಮ ಮಗಳ ಮನಿಗೂ ಬೇಕಾದ್ರ ನಾನ ಬಂದು ಹೇಳ್ತೇನಿ.”

“ಬರ್ರಿ” ಅಂದಳು ರೇಣವ್ವ. ಆಮೇಲೆ, “ಆ ಜೋಡಿ ಅಂತಾರಲ್ರಿ, ಅದೇನಾತು? ಅದೂ ಹ್ವಾತೇನ್ರಿ?” ಎಂದು ಕೇಳಿದಳು.

ನೀಲಾಂಬಿಕೆ ನಿಜ ಹೇಳಿದಳು. ರೇಣವ್ವನಿಗೆ ಅದು ಒಂದೇ ಸಲಕ್ಕೆ ತಿಳಿಯಲಿಲ್ಲ. ಎರಡನೇ ಸಲ ಕೇಳಿ ತಿಳಿದುಕೊಂಡ ಮೇಲೆ, ತಾನು ಅದನ್ನು ನೋಡಬಹುದೇ ಎಂದಳು.

ಮರುವಾರ ಅವಳು ಮಗಳ ಜೊತೆ ಕೇಂದ್ರಕ್ಕೆ ಬಂದಳು. ಅವಳು ಉಟ್ಟದ್ದು ಗಂಡ ನುಡಿಸುವ ಮದುವೆಗಳಿಗೆ ಹೋಗುವಾಗ ಉಡುತ್ತಿದ್ದ ಸೀರೆಯೆಂದು ಮಗಳು ಹೇಳಿದಳು, ಅಂಚು ಮಾಸಿತ್ತು. ಕಾಲು ತೊಳೆದು, ಟೊಪ್ಪಿಗೆ, ಗವಸು ಹಾಕಿಕೊಂಡು ಆ ಉದ್ದನೆಯ ಕೋಣೆಯೊಳಗೆ ನಡೆದಾಗ ರೇಣವ್ವ ಗುಡಿಯಲ್ಲಿ ನಡೆದಂತೆ ನಡೆದಳು. ಕಟಗೇರಿಯವರೂ ಬಂದು ದೂರ ನಿಂತಿದ್ದರು. ನೀಲಾಂಬಿಕೆ ಕಪಾಟು ತೆಗೆದು, ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣು ಎಲ್ಲಿ ಹಚ್ಚಬೇಕೆಂದು ತೋರಿಸಿದಳು.

ರೇಣವ್ವ ಮೊದಲು ತನ್ನ ರೆಪ್ಪೆಯನ್ನೇ ಕಂಡಳು. ಆಮೇಲೆ ಕಂಡಿತು. ಒತ್ತೊತ್ತಾಗಿ ಕೂತ ಕೋಶಗಳು, ಒಂದೊಂದರ ನಡುವೆಯೂ ದುಂಡನೆಯ ಬೊಟ್ಟು.

“ಇವು ಅವರವ?”

“ಅವರವ.”

“ಜೀವಂತ ಅದಾವ?”

“ಅದಾವ್ರಿ.”

“ಇವಕ್ಕ ಇನ್ನೂ ಆ ಮದ್ದು ಹಾಕ್ತೀರೇನು?”

ನೀಲಾಂಬಿಕೆ ಪಂಪಿನ ಕೊಳವೆ ತೋರಿಸಿದಳು. “ದಿನಾ ಹೋಗತೈತ್ರಿ. ನಿಲ್ಲಸರಿ ಅಂತ ಯಾರೂ ಹೇಳಿರಲಿಲ್ಲ.”

ರೇಣವ್ವ ಮತ್ತೆ ಕಣ್ಣು ಹಚ್ಚಿದಳು. ಮಗಳು ತನಗೂ ತೋರಿಸೆಂದು ಅವಳ ಭುಜ ಮುಟ್ಟಿದರೂ ಏಳಲಿಲ್ಲ. ಎದ್ದಾಗ ಅವಳ ಕಣ್ಣು ಒಣಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು, ಬಿಸಿಲಿನಲ್ಲಿ ಕೆಲಸ ಮುಗಿಸಿ ಬಂದವರು ಒರೆಸಿಕೊಳ್ಳುವ ಹಾಗೆ.

“ಇದನ್ನ ಇಟ್ಕೊಂಡ್ರ ನಿಮಗೇನರ ಉಪಯೋಗ ಐತೇನ್ರಿ ಡಾಕ್ಟರ್ ಬಾಯಾರ?”

“ಇಲ್ರಿ.”

“ಹಂಗಾದ್ರ ಬಂದ್ ಮಾಡ್ರಿ” ಅಂದಳು ರೇಣವ್ವ. “ಅವ್ರು ಹೋಗಿ ವರ್ಷ ಆತು, ಇವಷ್ಟ ಇನ್ನೂ ದುಡ್ಯಾಕ ಹತ್ಯಾವ. ಸಾಕು.”

ಮಗಳೂ ಒಮ್ಮೆ ನೋಡಿದಳು. ನೀಲಾಂಬಿಕೆ ಪಂಪಿನ ಗುಂಡಿ ಎಲ್ಲಿದೆ ಎಂದು ತೋರಿಸಿ, ತಾನು ಹಿಂದೆ ಸರಿದು ನಿಂತಳು. ರೇಣವ್ವ ಗವಸು ಕಳಚಿ, ಬರಿಗೈಯಲ್ಲಿ ಗುಂಡಿ ಒತ್ತಿ ಪಂಪನ್ನು ನಿಲ್ಲಿಸಿದಳು.